ಬೋರ್‌ವೆಲ್ ಅಂಕಲ್‌ದು, ಸ್ವಿಚ್ಚು ಆಂಟಿಯದು

ಮೊನ್ನೆ ಬೆಳಗ್ಗೆ ಎದುರು ಮನೆಯ ಸಾವಿತ್ರಿ ಆಂಟಿಯ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಅವರು ಒಲೆಯ ಪಕ್ಕದ ಸ್ವಿಚ್ಚನ್ನು ಟಪ್ಪೆಂದು ಒತ್ತಿದರು. ಮೋಟರ್ ಗುರ್ ಎಂದದ್ದು ಅವರ ಪಕ್ಕದ ಮನೆಯ ಶೇಷಾದ್ರಿ ಅಂಕಲ್ ಕಾಂಪೌಂಡಿನಲ್ಲಿ!

ಯಡಿಯೂರು ಕೆರೆಯ ಹಿಂದಿನ ನಮ್ಮ ಬೀದಿಯಲ್ಲಿ ಈ ಇಬ್ಬರ ಸಮರ ಎಲ್ಲರಿಗೂ ಗೊತ್ತು. ಅಂಕಲ್ ಬೋರ್‌ವೆಲ್ ಕೊರೆಸಿದರೆ ಆಂಟಿಯದು ಬತ್ತಿತು. ಆಂಟಿ ಹಠಕ್ಕೆ ಬಿದ್ದು ಇನ್ನೂ ಆಳಕ್ಕೆ ಕೊರೆಸಿದರು, ಅಂಕಲ್‌ದು ಬತ್ತಿತು, ಅವರು ಮತ್ತೆ ಕೊರೆಸಿದರು. ಪೊಲೀಸ್ ಸ್ಟೇಷನ್ನು, ಕೋರ್ಟು ಎಲ್ಲ ಆಯಿತು. (ರಾಜಿ ಮಾಡಿಸಲು ಹೋದ ನನಗೆ ಎರಡೂ ಮನೆಯಲ್ಲಿ ಮಂಗಳಾರತಿ.)

ಕಳೆದ ಬೇಸಿಗೆಯಲ್ಲಿ ಇಬ್ಬರ ಬೋರ್‌ವೆಲ್ಲೂ ಕೈಕೊಟ್ಟವು. ಟ್ಯಾಂಕರ್‌ನವರು ಫೋನೇ ಎತ್ತುತ್ತಿರಲಿಲ್ಲ. ಅಂಕಲ್ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಆಂಟಿ ಮನೆಯಲ್ಲಿ ಬಾಣಂತಿ ಮಗಳು. ಬಾಣಂತಿಗೆ ಎರೆಯಲು ಒಂದು ಹಂಡೆ ನೀರಿಲ್ಲವೆಂದರೆ ಯಾವ ತಾಯಿ ಸುಮ್ಮನಿರುತ್ತಾಳೆ?

ಹೊಸ ಬೋರ್‌ವೆಲ್‌ಗೆ ನೀರಿನ ಪಾಯಿಂಟ್ ಸಿಕ್ಕಿದ್ದು ಅಂಕಲ್ ಹಿತ್ತಿಲಲ್ಲಿ. ಆದರೆ ಕೊರೆಯುವ ಲಾರಿ ಅಲ್ಲಿಗೆ ಹೋಗಲು ಇದ್ದ ದಾರಿ ಆಂಟಿಯ ಗೇಟು ಮಾತ್ರ! ವರ್ಷಗಳ ನಂತರ ಇಬ್ಬರೂ ಗೇಟಿನ ಬಳಿ ಎದುರುಬದುರು ನಿಂತರು.

“ಲಾರಿ ಆಚೆ ಹೋದ್ಮೇಲೆ ನೀವು ನೀರು ಬಿಡ್ತೀರಾ ಅಂತ ಏನ್ ಗ್ಯಾರಂಟಿ? ಮೋಟರ್ ಸ್ವಿಚ್ಚು ನಮ್ಮನೇಲಿರ್ಲಿ,” ಎಂದರು ಆಂಟಿ.

“ಆಗ್ಲಿ. ವಾಲ್ವ್ ನಮ್ಮ ಕಡೆ ಇರತ್ತೆ,” ಎಂದರು ಅಂಕಲ್.

ಅಷ್ಟೇ! ಆಂಟಿ ಸ್ವಿಚ್ಚು ಹಾಕದಿದ್ದರೆ ಅಂಕಲ್‌ಗೆ ನೀರಿಲ್ಲ. ಅಂಕಲ್ ವಾಲ್ವ್ ತಿರುಗಿಸದಿದ್ದರೆ ಆಂಟಿಗಿಲ್ಲ. ಅಪ್ಪಿಕೊಳ್ಳಲಿಲ್ಲ, ಸಾರಿ ಕೇಳಲಿಲ್ಲ. ಕೇಸು ಮಾತ್ರ ಇಬ್ಬರೂ ವಾಪಸ್ ತೆಗೆದುಕೊಂಡರು. ಶಾಂತಿಗೆ ಮೊದಲು ಮನಸ್ಸು ಬದಲಾಗಬೇಕು ಎಂದು ಇಷ್ಟು ವರ್ಷ ಇದೇ ಅಂಕಣದಲ್ಲಿ ಕೊರೆದವನು ನಾನು!

“ಈಗ ಅಂಕಲ್ ಮೇಲೆ ನಂಬಿಕೆ ಬಂತಾ ಆಂಟಿ?” ಕೇಳಿದೆ.

“ನಂಬಿಕೆನಾ? ಆ ಮನುಷ್ಯನ್ನ ಯಾರು ನಂಬ್ತಾರೆ! ನಾನು ಸ್ವಿಚ್ಚು ನಂಬ್ತೀನಿ.”

ಆಮೇಲೆ ಮಳೆ ಚೆನ್ನಾಗಿ ಬಂತು. ಆಂಟಿಯ ಹಳೇ ಬೋರ್‌ವೆಲ್ಲಿನಲ್ಲೂ ನೀರು ಬಂತು. ಇನ್ನು ಸಮರ ಶುರುವಾಯಿತು ಎಂದುಕೊಂಡೆ. ಇಲ್ಲ, ಆಂಟಿ ಇವತ್ತಿಗೂ ದಿನಾ ಬೆಳಗ್ಗೆ ತಪ್ಪದೆ ಆ ಸ್ವಿಚ್ಚು ಒತ್ತುತ್ತಾರೆ.

“ಈಗ ನಿಮ್ಮದೇ ನೀರಿದೆಯಲ್ಲ, ಒಪ್ಪಂದ ಮುರೀಬಹುದಲ್ವಾ?”

ಆಂಟಿ ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದರು. “ಯಾಕಪ್ಪಾ, ಮುಂದಿನ ವರ್ಷ ಬೇಸಿಗೆ ಬರಲ್ವಾ?”

ಯುದ್ಧ ಸಾರುವ ದೊಡ್ಡವರ ಮನೆಯ ನಲ್ಲಿ ಯಾವ ಬೇಸಿಗೆಯಲ್ಲೂ ಒಣಗುವುದಿಲ್ಲ. ಅವರಿಗೆ ಶಾಂತಿ ಯಾಕೆ ಬೇಕು, ಹೇಳಿ?