ನಾಲ್ಕನೆಯ ಗಂಟು

ಹೋದ ಶುಕ್ರವಾರ ಲಂಗಕ್ಕೆ ಲಾಡಿ ಹಾಕೋಣವೆಂದು ಟ್ರಂಕಿನ ತಳ ತಡಕುತ್ತಿದ್ದೆ. ಕೈಗೆ ಹಳೆಯ ಲಾಡಿಯೊಂದರ ಗಂಟು ಸಿಕ್ಕಿತು. ಎಳೆದೆ. ಒಂದು ಮಾರು ಆದಮೇಲೆ ಇನ್ನೊಂದು ಗಂಟು, ಮತ್ತೆ ಇನ್ನೊಂದು... ಒಟ್ಟು ನಾಲ್ಕು. ಕೊನೆಯ ಗಂಟಿನಲ್ಲಿ ಕೆಂಪು ಮಣ್ಣು ಒಣಗಿ ಕೂತಿತ್ತು. ಮೂಗಿನ ಹತ್ತಿರ ಹಿಡಿದರೆ ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ. ಲಂಗವನ್ನು ಅಲ್ಲೇ ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟೆ.

ಆ ಲಾಡಿ ಹೊಲಿದವರನ್ನು ಮಂಡಿ ಮೊಹಲ್ಲಾದ ನಮ್ಮ ಗಲ್ಲಿಯಲ್ಲಿ ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ರವಿಕೆ, ಲಂಗ ಹೊಲಿದೇ ಮಗಳನ್ನು ಓದಿಸಿದವರು. ಅರವತ್ತು ದಾಟುವವರೆಗೆ ಅವರು ನಂಜನಗೂಡಿನಿಂದಾಚೆ ಹೋದವರಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ಮೊದಲು ಎದ್ದು ನಿಂತವರು ಅವರೇ.

"ಮಡಿಕೇರಿಗೆ ಹೋಗೋಣ ಕಣ್ರೇ. ದುಡ್ಡಿರೋರು ರೂಮು ಮಾಡ್ಕೊಂಡು ನೋಡೋ ಮೋಡಾನ ನಾವು ನಿಂತ್ಕೊಂಡು ನೋಡಾಣ."

ನಾಲ್ಕು ಜನ ಹೊರಡುತ್ತಿದ್ದೆವು. ಹಾಲಿನ ಬೂತಿನ ಅಕ್ಕ, ನನ್ನ ನಾದಿನಿ, ನಾನು, ಟೈಲರಮ್ಮ. ನಾನು ಅಗರಬತ್ತಿ ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸದವಳು. ನನಗೆ ರಜೆ ಇದ್ದದ್ದು ಮಂಗಳವಾರ, ಹಾಗಾಗಿ ನಮ್ಮ ಪ್ರವಾಸವೂ ಮಂಗಳವಾರ. ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಂಡು ಬೆಳಗಿನ ಕೆಂಪು ಬಸ್ಸಿನಲ್ಲಿ ಕೂರುತ್ತಿದ್ದೆವು. ಚಪಾತಿ, ಚಟ್ನಿಪುಡಿ, ನೀರು ಚೀಲದಲ್ಲಿ. ಅಲ್ಲಿ ಒಂದು ರೂಪಾಯಿಯೂ ಬಿಚ್ಚಬಾರದು ಎಂಬುದು ಟೈಲರಮ್ಮನ ಕಟ್ಟುನಿಟ್ಟು. ಕಾಫಿ ಬೀಜ ಹುರಿಯುವ ಅಂಗಡಿಯ ಎದುರು ನಿಲ್ಲಿಸಿ, "ಎಳ್ಕೊಳ್ರೇ, ಮೂಗಿಗೆ ಟಿಕೆಟ್ ಇಲ್ಲ" ಅನ್ನುತ್ತಿದ್ದರು. ಜೇನಿನ ಅಂಗಡಿಯಲ್ಲಿ ರುಚಿ ನೋಡಲು ಕೊಡುವ ಹನಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ತೀರ ಗಂಭೀರವಾಗಿ "ಯೋಚ್ನೆ ಮಾಡಿ ಬತ್ತೀವಿ" ಎಂದು ಇಳಿದು ಬರುತ್ತಿದ್ದರು.

ಕಣಿವೆ ನೋಡುವ ಉದ್ಯಾನಕ್ಕೆ ಟಿಕೆಟ್ ಇತ್ತು. "ಕಣಿವೆ ಏನು ಅವರಪ್ಪ ತೋಡಿದ್ದಾ?" ಎಂದು ಅವರು ನಮ್ಮನ್ನು ರಸ್ತೆಯಲ್ಲಿ ಎರಡು ತಿರುವು ಕೆಳಗೆ ಕರೆದೊಯ್ದರು. ಅಲ್ಲಿ ರಸ್ತೆ ಬದಿಯ ಮೋಟುಗೋಡೆ ಒಂದಷ್ಟು ದೂರ ಬಿದ್ದುಹೋಗಿತ್ತು. ಅದರಾಚೆ ಏನೂ ಇಲ್ಲ, ಕಣಿವೆ ಮಾತ್ರ. ಅಷ್ಟು ಚೆಂದದ ಜಾಗ ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ಸಲ ಅಲ್ಲಿ ಮಂಜು ಇಳಿದಾಗ ನನ್ನ ನಾದಿನಿ ಕಾಲು ಗಂಟೆ ಕಾಣೆಯಾಗಿದ್ದಳು. ಮುಂದಿನ ಸಲಕ್ಕೆ ಟೈಲರಮ್ಮ ಈ ಲಾಡಿ ಹೊಲಿದು ತಂದರು, ಮಾರಿಗೊಂದು ಗಂಟು, ಒಬ್ಬೊಬ್ಬರಿಗೆ ಒಂದು. ಹಾಲಿನ ಬೂತಿನ ಅಕ್ಕ ಮುಂದೆ, ಅವರ ಹಿಂದೆ ನಾದಿನಿ, ಆಮೇಲೆ ನಾನು. ತುದಿಯ ಗಂಟನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ. "ಸೂಜಿ ಮುಂದೆ ಹೋಗ್ಲಿ. ದಾರದ ಗಂಟು ಯಾವತ್ತೂ ಹಿಂದೇನೇ ಇರ್ಬೇಕು, ಇಲ್ದಿದ್ರೆ ಹೊಲಿಗೆ ನಿಲ್ಲಲ್ಲ."

ನಾಲ್ಕನೆಯ ಸಲ ಹೋದದ್ದು ಆಷಾಢದಲ್ಲಿ. ಅದನ್ನು ಆದಷ್ಟು ಸರಿಯಾಗಿ ಹೇಳಬೇಕು.

ತಿರುವಿನ ಹತ್ತಿರ ಚಪಾತಿ ತಿಂದೆವು. ಟೈಲರಮ್ಮ ಅರ್ಧ ತಿಂದು ಇಟ್ಟರು. ಮೂರೂವರೆಗೆ ಮಂಜು ಇಳಿಯಿತು. ಲಾಡಿ ಬಿಚ್ಚಿ ಹಿಡಿದುಕೊಂಡೆವು. ಹೊರಡುವ ಮುಂಚೆ ಅವರು ತಮ್ಮ ಚೀಲವನ್ನು ನಾದಿನಿಗೆ ಕೊಟ್ಟರು. "ಇದ್ನೊಂದು ಹಿಡ್ಕೊ ಮಗಾ." ಅವರು ಯಾರ ಕೈಗೂ ಚೀಲ ಕೊಟ್ಟವರಲ್ಲ. ನಾನು ನೋಡಿದೆ, ಏನೂ ಕೇಳಲಿಲ್ಲ.

ಏರು ರಸ್ತೆ. ಮೊದಲ ತಿರುವು ಬರುವ ಮುಂಚೆ ನನ್ನ ಹಿಂದೆ ಲಾಡಿ ಸಡಿಲವಾಯಿತು. ಹತ್ತಿರ ಬಂದಿರಬೇಕು ಅಂದುಕೊಂಡೆ. ಗೋಡೌನಿನಲ್ಲಿ ಹಿಡಿ ತುಂಬ ಅಗರಬತ್ತಿ ತೆಗೆದರೆ ಒಂದು ಕಡ್ಡಿ ಕಡಿಮೆಯಾದರೂ ನನ್ನ ಬೆರಳಿಗೆ ತಿಳಿಯುತ್ತದೆ. ಅಂಥ ಬೆರಳು ಅವತ್ತು ತಿಳಿದೂ ಸುಮ್ಮನಿತ್ತು. ನಾನು ತಿರುಗಿ ನೋಡಲಿಲ್ಲ.

ಮೇಲಿನ ಬಸ್ ತಂಗುದಾಣಕ್ಕೆ ಬಂದು ನಿಂತಾಗ ಹಾಲಿನ ಬೂತಿನ ಅಕ್ಕ ಲಾಡಿ ಸುತ್ತತೊಡಗಿದರು. ಕೊನೆಯ ಗಂಟು ನೆಲದ ಮೇಲೆ ಎಳೆದುಕೊಂಡು ಬಂತು. ಅದರ ಹಿಂದೆ ಯಾರೂ ಇರಲಿಲ್ಲ.

ನಾದಿನಿ ತನ್ನ ಫೋನಿನಿಂದ ಟೈಲರಮ್ಮನಿಗೆ ಕರೆ ಮಾಡಿದಳು. ಅವಳ ಹೆಗಲಲ್ಲಿದ್ದ ಚೀಲದೊಳಗೇ ಫೋನು ಹೊಡೆದುಕೊಂಡಿತು...

"ಯಾರೂ ಓಡ್ಬೇಡಿ," ಅಂದರು ಹಾಲಿನ ಬೂತಿನ ಅಕ್ಕ. "ಗಂಟು ಹಿಡ್ಕೊಂಡೇ ಇಳೀರಿ."

ಇಳಿದೆವು. ಕೂಗಿದರೆ ಮಂಜು ಕೂಗನ್ನು ನುಂಗುತ್ತಿತ್ತು. ಕೆಳಗೆಲ್ಲೋ ಒಂದು ಲಾರಿಯ ಹಾರನ್ ಕೇಳಿ ನಿಂತುಹೋಯಿತು. ಮೋಟುಗೋಡೆ ಸಿಕ್ಕಿತು, ಅದನ್ನು ಕೈಯಲ್ಲಿ ಮುಟ್ಟುತ್ತಾ ಹೆಜ್ಜೆ ಇಟ್ಟೆ. ಗೋಡೆ ಮುಗಿಯಿತು. ಅಲ್ಲೇ, ಅಂಚಿಗೆ ಎರಡು ಮೊಳ ಈಚೆ, ಕೆಸರಿನಲ್ಲಿ ಒಂದು ಚಪ್ಪಲಿ. ಉಂಗುಷ್ಠದ ಹತ್ತಿರ ದಾರದಲ್ಲಿ ಹೊಲಿದಿದ್ದ ಅವರದೇ ಚಪ್ಪಲಿ. ನಾದಿನಿ ಅಳಲಿಕ್ಕೆ ಶುರುಮಾಡಿದಳು. ನಾನು ಕಣಿವೆಯ ಕಡೆಗೆ ಕೂಗತೊಡಗಿದೆ.

"ಅರಚ್ಬೇಡ್ರೇ... ಇಲ್ಲಿದ್ದೀನಿ."

ದನಿ ಬಂದದ್ದು ಬೆನ್ನ ಹಿಂದಿನಿಂದ. ರಸ್ತೆಯ ಆಚೆ ಬದಿ, ದಿಬ್ಬದ ಮಗ್ಗುಲಲ್ಲಿ ಒಂದು ಮೈಲಿಗಲ್ಲಿನ ಮೇಲೆ ಕೂತಿದ್ದರು. ಒಂದು ಕೈ ಎದೆಯ ಮೇಲೆ. ತುಟಿ ಬೂದಿಯ ಬಣ್ಣ.

"ಏನ್ ಟೈಲರಮ್ಮ ನೀವು! ಜೀವ ಹೋಗಿತ್ತು ನಮ್ದು!" ಎಂದು ರೇಗಿದೆ.

"ಉಸಿರು ಸಿಕ್ತಿರ್ಲಿಲ್ಲ ಕಣಮ್ಮ. ಎಡವಿದೆ, ಚಪ್ಲೀನೂ ಹೋಯ್ತು. ಲಾಡಿ ಹಿಡ್ಕೊಂಡೇ ಇದ್ದಿದ್ರೆ ನಿಮ್ಮನ್ನೂ ಎಳ್ಕೊಂಡು ಬೀಳ್ತಿದ್ದೆ. ಅದಕ್ಕೇ ಬುಟ್ಬುಟ್ಟೆ."

ಅರ್ಧ ಗಂಟೆ ಕೂತಮೇಲೆ ಮುಖಕ್ಕೆ ಬಣ್ಣ ಬಂತು. ಲಾಡಿಯನ್ನು ಸುತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂತರು. ಬಸ್ಸು ಹುಣಸೂರು ದಾಟಿತು. ಆಮೇಲೆ ನನ್ನ ಮಣಿಕಟ್ಟು ಹಿಡಿದರು.

"ನನ್ ಮಗಳಿಗೆ ಹೇಳ್ಬೇಡ. ಹೇಳಿದ್ರೆ ಮನೇಲಿ ಕೂರಿಸ್ತಾಳೆ. ಈ ವಯಸ್ಸಲ್ಲಿ ಮೋಡ ನೋಡೋಕ್ಕೆ ಶುರು ಮಾಡಿದೀನಿ ಕಣೇ, ನಿಲ್ಲಿಸ್ಬೇಡ."

ಡಾಕ್ಟರಿಗೆ ತೋರಿಸಿಕೊಳ್ಳಿ ಅಂದೆ. "ತೋರಿಸ್ಕೋತೀನಿ ಬುಡು" ಅಂದರು. ನಾನು ಬಿಟ್ಟೆ.

ದಸರಾಕ್ಕೆ ಇನ್ನು ಎರಡು ವಾರ ಇತ್ತು. ಟೈಲರಮ್ಮ ಮಿಷನ್ನಿನ ಮುಂದೆ ಕೂತಲ್ಲೇ ಒರಗಿ ಹೋಗಿಬಿಟ್ಟರಂತೆ. ಸೂಜಿಯ ಕೆಳಗೆ ಯಾರದೋ ರವಿಕೆಯ ತೋಳು ಅರ್ಧ ಹೊಲಿದು ನಿಂತಿತ್ತು. ನಾನು ಹೋದಾಗ ಅವರ ಮಗಳು ಬಾಗಿಲಲ್ಲೇ ನನ್ನ ಕೈ ಹಿಡಿದು ಕೇಳಿದಳು. "ಅಕ್ಕಾ, ನಿಮ್ ಜೊತೆ ಓಡಾಡ್ತಿದ್ರಲ್ಲ, ಮುಂಚೆ ಯಾವತ್ತಾದ್ರೂ ಹಿಂಗಾಗಿತ್ತಾ? ನನಗೇ ಗೊತ್ತಾಗ್ಲಿಲ್ವಾ?"

"ಇಲ್ಲಮ್ಮ," ಅಂದೆ.

ಎರಡು ವರ್ಷವಾಗುತ್ತಾ ಬಂತು. ಆಮೇಲೆ ನಾವ್ಯಾರೂ ಮಡಿಕೇರಿಗೆ ಹೋಗಲಿಲ್ಲ. ಹೋಗುವುದು ಬೇಡ ಎಂದು ಯಾರೂ ಹೇಳಲಿಲ್ಲ, ಹೊರಡೋಣ ಎಂದೂ ಯಾರೂ ಹೇಳಲಿಲ್ಲ. ಆವತ್ತೇ ಮಗಳಿಗೆ ಹೇಳಿದ್ದರೆ ಅವರು ಉಳಿಯುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ. ಮಗಳಿಗೆ ಮಾತ್ರ ತನ್ನ ಕಣ್ಣೇ ತಪ್ಪಿತು ಎಂಬ ಕೊರಗು ಇದೆ. ಮೊನ್ನೆ ಮಾರ್ಕೆಟ್ಟಿನಲ್ಲಿ ಸಿಕ್ಕಾಗಲೂ ಅದನ್ನೇ ಅಂದಳು... ಆ ತಪ್ಪು ಅವಳದಲ್ಲ.

ಇವತ್ತು ಮಂಗಳವಾರ. ಅವಳು ಈಗ ಶ್ರೀರಾಂಪುರದಲ್ಲಿದ್ದಾಳೆ. ಲಾಡಿಯನ್ನು ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಕೊನೆಯ ಗಂಟಿನ ಮಣ್ಣನ್ನು ತೊಳೆದಿಲ್ಲ. ಮೊದಲು ಅದನ್ನು ಅವಳ ಕೈಗೆ ಕೊಡುತ್ತೇನೆ. ಆಮೇಲೆ, ನನ್ನ ಬೆನ್ನ ಹಿಂದೆ ಲಾಡಿ ಸಡಿಲವಾದದ್ದು ನನಗೆ ತಿಳಿದಿತ್ತು ಎಂಬಲ್ಲಿಂದ ಹೇಳಲು ಶುರುಮಾಡುತ್ತೇನೆ.