ನನಗಿಂತ ಮೊದಲೇ ಬಂದು ಹೋದವನು

ಗಾಳಿ, ದೆವ್ವ ಅಂದವರಿಗೆ ‘ರಾತ್ರಿ ಹೊಟ್ಟೆ ತುಂಬ ಉಂಡಿದ್ದೀರಿ’ ಎಂದು ನಕ್ಕವನು ನಾನು. ಈಗ ನಂಬುತ್ತೇನೆ ಅಂತಲ್ಲ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಮುಂಜಾನೆಯ ಲೆಕ್ಕ ಮಾತ್ರ ಇವತ್ತಿಗೂ ತಾಳೆ ಬೀಳುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ನಾನು ಓದಿದ್ದು ಏಳನೇ ಇಯತ್ತೆ. ಗಬ್ಬೂರಿನ ಹತ್ತಿರ ಬಡವರಿಗೆಂದು ಸರ್ಕಾರ ಕಟ್ಟಿಸಿದ ಮೂರು ಅಂತಸ್ತಿನ ಮನೆಗಳಿವೆ. ಅಲ್ಲಿ ಒಂಟಿಯಾಗಿರುವ ವಯಸ್ಸಾದವರಿಗೆ ಬಿಪಿ ನೋಡುವುದು, ಗುಳಿಗೆ ನುಂಗಿಸುವುದು, ದವಾಖಾನೆಗೆ ಕರೆದೊಯ್ಯುವುದು ನನ್ನ ಕೆಲಸ. ಸೂಜಿ ಹಾಕುವುದನ್ನು ನಮ್ಮ ಸಂಸ್ಥೆಯ ನರ್ಸಬಾಯಿ ಕಲಿಸಿದರು. ಇಷ್ಟು ವರ್ಷದಲ್ಲಿ ಒಬ್ಬರಿಗೂ ತಪ್ಪು ಔಷಧ ಕೊಟ್ಟವನಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೇಲಂತಸ್ತಿನ ಗಂಗವ್ವ ಆಯಿಗೆ ಸಕ್ಕರೆ ಕಾಯಿಲೆ, ಕಣ್ಣು ಮಂದ. ಫ್ರಿಜ್ ಇಲ್ಲದ್ದರಿಂದ ಇನ್ಸುಲಿನ್ ಬಾಟಲಿಯನ್ನು ಸಣ್ಣ ಗಡಿಗೆಯಲ್ಲಿಟ್ಟು, ಆ ಗಡಿಗೆಯನ್ನು ನೀರಿನ ಕೊಡದಲ್ಲಿ ಇಡುತ್ತಿದ್ದೆವು. ದಿನಾ ಏಳಕ್ಕೆ ಇಂಜೆಕ್ಷನ್. ಒಂದು ದಿನ ಬಲತೋಳು, ಮರುದಿನ ಎಡತೋಳು. ಆಮೇಲೆ ಆಕೆ ರೊಟ್ಟಿ ತಿನ್ನುವವರೆಗೂ ನಾನು ಅಲ್ಲಿಂದ ಕದಲುತ್ತಿರಲಿಲ್ಲ. ಸೂಜಿ ತಪ್ಪಿಸಲು ಆಕೆಗೆ ದಿನಕ್ಕೊಂದು ನೆಪ.

ಅಂದು ಬೈಕು ಪಂಕ್ಚರ್ ಆಗಿ ಬೈಪಾಸಿನ ಅಂಗಡಿಯಲ್ಲಿ ಕೂತು, ನಾನು ತಲುಪಿದಾಗ ಎಂಟಾಗಿತ್ತು.

‘ಮತ್ಯಾಕ ಬಂದಿ? ಆಗಳೇ ಚುಚ್ಚಿ ಹೋದ್ಯಲ್ಲೋ ತಮ್ಮಾ’ ಎಂದಳು ಆಯಿ.

‘ನಿನ್ನ ನಾಟಕ ನನಗ ಗೊತ್ತಿಲ್ಲೇನ ಆಯಿ? ತೋಳ ಚಾಚು.’

‘ಖರೇನಪಾ. ಇವತ್ತ ಒಂದ ಮಾತ ಆಡ್ಲಿಲ್ಲ ನೀ. ರೊಟ್ಟಿ ತಿನ್ನಂತ ಗದರ್ಲೂ ಇಲ್ಲ. ಪೀಡಾ ತಪ್ಪಿತು ಅನ್ಕೊಂಡೆ.’

ನಾನು ಸಿರಿಂಜ್ ತುಂಬಿಯಾಗಿತ್ತು. ಎಡತೋಳಿನ ಸರದಿ. ಸೆರಗು ಸರಿಸಿದರೆ ಸೂಜಿಮೊನೆಯಷ್ಟು ಹಸಿ ರಕ್ತ. ಆಯಿಯ ಕೈ ನಡುಗುತ್ತಿತ್ತು, ಹಣೆ ಬೆವೆತಿತ್ತು. ಬೆರಳಿನ ರಕ್ತ ಹಚ್ಚಿ ಸಕ್ಕರೆ ಅಳೆಯುವ ಮಷಿನ್ ನೋಡಿದೆ: ಐವತ್ತು. ಮುಂಜಾನೆ ಇನ್ನೂರಕ್ಕೆ ಕಡಿಮೆ ಇರದವಳು. ಸಕ್ಕರೆ ನೀರು ಕುಡಿಸಿ, ನಡುಕ ನಿಲ್ಲುವವರೆಗೂ ಕೈ ಹಿಡಿದು ಕೂತೆ. ನಾನು ಇನ್ನೊಂದು ಗಳಿಗೆ ಹಟ ಮಾಡಿದ್ದರೆ ಎರಡನೇ ಡೋಸ್ ಬಿದ್ದು ಆಯಿ ನನ್ನ ಕೈಯಾರೆ ಸಾಯುತ್ತಿದ್ದಳು.

ನಾನು ಇಳಿದು ಬಂದಾಗ ಕೆಳಗಿನ ಮನೆಯ ಮಾಬೂಬಿ ಕಟ್ಟೆಯ ಮೇಲೆ ಕೂತಿದ್ದಳು. ‘ಸೊಕ್ಕ ಬಂದೈತೇನ ನಿನಗ? ಏಳಕ್ಕ ಮ್ಯಾಲ ಹತ್ತೂಮುಂದ ಚಾ ಕುಡಿ ಬಾ ಅಂದ್ರ ಹೊಳ್ಳಿ ಸುದ್ದಾ ನೋಡ್ಲಿಲ್ಲ!’

‘ಮಾರಿ ನೋಡಿದ್ಯೇನ?’

‘ಮಾರಿ ಯಾಕ ಬೇಕು? ದಿನಾ ನೋಡೂ ಬೆನ್ನಿನ ಗುರ್ತ ಹತ್ತಂಗಿಲ್ಲೇನ?’

ಮಾಬೂಬಿಯ ಮೇಲೇ ಸಂಶಯ ಬಂತು. ಆದರೆ ಸೂಜಿ ಕಂಡರೆ ಆಕೆ ಓಡುತ್ತಾಳೆ. ಆ ಮನೆಗಳಿಗೆ ನನ್ನ ಬಿಟ್ಟರೆ ಬೇರೆ ಕೆಲಸಗಾರರಿಲ್ಲ. ನರ್ಸಬಾಯಿ ಅಂದು ಧಾರವಾಡದಲ್ಲಿದ್ದರು. ನನ್ನ ಚೀಲದಲ್ಲಿ ಸಿರಿಂಜುಗಳು ಲೆಕ್ಕಕ್ಕೆ ಸರಿಯಾಗಿದ್ದವು. ಕೊನೆಗೆ ನನ್ನ ಮೇಲೆಯೇ ಸಂಶಯ ಬಂದು, ನಾಚಿಕೆ ಬಿಟ್ಟು ಪಂಕ್ಚರ್ ಅಂಗಡಿಯವನನ್ನು ಕೇಳಿದೆ, ಏಳಕ್ಕೆ ನಾನು ಇಲ್ಲಿ ಇದ್ದೆನಾ ಎಂದು. ‘ನನ್ನ ಕಡೆ ಎರಡ ಚಾ ಕುಡದು ಈಗ ಹಿಂಗ ಕೇಳ್ತಿಯಲ್ಲೋ ಮಾರಾಯಾ’ ಎಂದ.

‘ಹೋಗಿ ಮರತೀಯೇನೋ?’ ಎಂದರು ಧಾರವಾಡದಿಂದ ಮರಳಿದ ನರ್ಸಬಾಯಿ. ನನಗೆ ಸಿಟ್ಟು ಬಂತು. ನಾನಾಗಿದ್ದರೆ ರೊಟ್ಟಿ ತಿನ್ನಿಸದೆ ಬರುತ್ತಿದ್ದೆನೇ? ಅಂಗಡಿಯವನ ಸಾಕ್ಷಿಗಿಂತ ನನಗೆ ಅಂದು ದೊಡ್ಡದಾಗಿದ್ದದ್ದು ಅದೊಂದೇ ಮಾತು, ಇಂದಿಗೂ ಅದೇ.

ಆಯಿ ಈಗಲೂ ಇದ್ದಾಳೆ. ಬಾಗಿಲು ತೆಗೆದ ಕೂಡಲೇ, ಬೇಡವೆಂದರೂ ಬಾಯಿಗೆ ಬಂದುಬಿಡುತ್ತದೆ: ‘ಆಯಿ, ನಾ ಇವತ್ತ ಬಂದಿದ್ದೆನೇನ?’

ಆಕೆ ನಗುವುದಿಲ್ಲ. ಎರಡೂ ತೋಳು ಸವರಿ ನೋಡಿಕೊಂಡು ಹೇಳುತ್ತಾಳೆ: ‘ಇನ್ನೂ ಇಲ್ಲ.’