ಬೇಲೆಕೇರಿಯ ಡೈನೋಸಾರ್ ಮತ್ತು ಒಂದು ಜಾತಿ ಎಮ್ಮೆ

ನಿಮ್ಮ ಹಿತ್ತಿಲಲ್ಲಿ ಡೈನೋಸಾರ್‌ನ ತಲೆಬುರುಡೆ ಸಿಕ್ಕಿತು ಎಂದುಕೊಳ್ಳಿ. ನಿಮಗೆ ಸಂತೋಷವಾಗುತ್ತದೆಯೋ, ಭಯವಾಗುತ್ತದೆಯೋ?

ಅವಸರದಲ್ಲಿ ಉತ್ತರಿಸಬೇಡಿ. ಹಾಗೆ ಉತ್ತರಿಸಿದ ತಪ್ಪಿಗೆ ನಾನು ಕಾರವಾರದಿಂದ ಬೇಲೆಕೇರಿಯವರೆಗೆ ಬಸ್ಸಿನಲ್ಲಿ ನಿಂತೇ ಹೋಗಿ, ಅಲ್ಲಿ ಒಬ್ಬ ಸಜ್ಜನನ ಗೇಟಿನ ಹೊರಗೆ ಮತ್ತೆ ನಿಲ್ಲಬೇಕಾಯಿತು.

ಆ ಸಜ್ಜನನ ಹೆಸರು ಹಮ್ಮಣ್ಣ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನೌಕಾನೆಲೆಗಾಗಿ ಸರಕಾರ ಜಾಗ ತೆಗೆದುಕೊಂಡಾಗ ಹುಟ್ಟಿದೂರು ಬಿಟ್ಟು ಬಂದ ಕುಟುಂಬ. ಬೇಲೆಕೇರಿಯ ಸಮೀಪ ಜಾಗ ಕೊಂಡು ಮನೆ ಕಟ್ಟಿಕೊಂಡಿದೆ. ಈ ಬೇಸಿಗೆಯಲ್ಲಿ ಹಿತ್ತಿಲಲ್ಲಿ ಬಾವಿ ತೋಡಿಸುವಾಗ ಒಂದಾಳು ಆಳದಲ್ಲಿ, ಬರೀ ಮರಳಿನ ನಡುವೆ, ಗುದ್ದಲಿಗೆ ಏನೋ ತಗುಲಿತು. ಕೆದಕಿ ನೋಡಿದರೆ ತಲೆಬುರುಡೆ. ಉದ್ದ ಹೆಚ್ಚುಕಡಿಮೆ ಒಂದು ಮಂಚದಷ್ಟು!

ಸಂಜೆಯೊಳಗೆ ಊರು ಅದಕ್ಕೆ ನಾಮಕರಣ ಮಾಡಿತು. ಪಕ್ಕದ ಮನೆಯ ವೆಂಕಟ್ರಮಣ ಅದು ರಾಕ್ಷಸನದೇ ಎಂದ (ಯಾವ ರಾಕ್ಷಸ ಎಂಬ ಬಗ್ಗೆ ಮಾತ್ರ ಅವನ ಮನೆಯೊಳಗೇ ಭಿನ್ನಾಭಿಪ್ರಾಯವಿತ್ತು). ಕೇಬಲ್ ಟಿವಿಯವರು ಕ್ಯಾಮೆರಾ ತಂದು 'ಬೇಲೆಕೇರಿಯಲ್ಲಿ ಡೈನೋಸಾರ್?' ಎಂದು ಪ್ರಸಾರ ಮಾಡಿದರು. ಆ ಪ್ರಶ್ನಾರ್ಥಕ ಚಿಹ್ನೆ ಎಷ್ಟು ಸಣ್ಣದಿತ್ತೆಂದರೆ, ನನ್ನ ಕನ್ನಡಕಕ್ಕೆ ಅದು ಕಾಣಿಸಲೇ ಇಲ್ಲ.

ವೈಜ್ಞಾನಿಕ ಮನೋಭಾವ ಬೆಳೆಯಬೇಕೆಂದು ಶಾಲೆಯಿಂದ ಶಾಲೆಗೆ ಭಾಷಣ ಮಾಡುತ್ತ ತಿರುಗುವವನು ನಾನು. ಕೋಟ್ಯಂತರ ವರ್ಷಗಳ ಹಿಂದಿನ ಸಾಕ್ಷಿಯೊಂದು ಪಕ್ಕದ ತಾಲ್ಲೂಕಿನಲ್ಲಿ ಎದ್ದು ಕುಳಿತಿರುವಾಗ ಸುಮ್ಮನಿರುವುದುಂಟೆ? ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶಾಲಿನಿ ಮೇಡಂ ಅವರನ್ನು ಹೊರಡಿಸಿಕೊಂಡು ಮರುದಿನವೇ ಹೋದೆ.

ಗೇಟಿನಲ್ಲಿ ಹಮ್ಮಣ್ಣ ನಿಂತಿದ್ದ. ಕೈಯಲ್ಲಿ ಕಬ್ಬಿಣದ ಹಾರೆ.

"ಎಮ್ಮೆ ತಲೆ ಸರ್ ಅದು. ನೋಡೂಕೆ ಎಂತದೂ ಇಲ್ಲ."

"ಇಷ್ಟುದ್ದದ ಎಮ್ಮೆಯೇ?"

"ಜಾತಿ ಎಮ್ಮೆ."

"ಕೋಡೆಲ್ಲಿ?"

"ಬೋಳೆಮ್ಮೆ."

ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯ ಬಹುಮಾನದ ಡಾಲುಗಳನ್ನು ಹೊತ್ತು ತಂದವನು ನಾನು. ಇಷ್ಟು ಕಡಿಮೆ ಶಬ್ದಗಳಲ್ಲಿ ನನ್ನ ಬಾಯಿ ಮುಚ್ಚಿಸಿದ ಪ್ರತಿವಾದಿಯನ್ನು ಕಂಡಿರಲಿಲ್ಲ. ಪುಣ್ಯಕ್ಕೆ ಅಂಗಳದಿಂದ ಅವನ ಹೆಂಡತಿ ದೇವಮ್ಮನ ಸ್ವರ ಕೇಳಿತು.

"ಎಮ್ಮೆ ಯಾವಾಗ ಸಾಕಿದ್ರಿ ನೀವು? ಒಂದು ಬೆಕ್ಕು ಸಾಕೂಕೆ ಆಗ್ಲಿಲ್ಲ ನಿಮ್ಗೆ! ಅಕ್ಕೋರು ಬಿಸ್ಲಲ್ಲಿ ನಿಂತಾರೆ, ಗೇಟು ತೆಗೀರಿ."

(ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ 'ಅಕ್ಕೋರು'. ಆ ಪದದ ಮುಂದೆ ಯಾವ ಗೇಟೂ ನಿಲ್ಲುವುದಿಲ್ಲ.)

"ಈ ಹಾರೆ ಯಾಕೆ?" ಹೊಂಡದ ಬದಿಗೆ ಬಂದಾಗ ಮೇಡಂ ಕೇಳಿದರು.

"ಒಡೆಯೂಕೆ. ಇವತ್ತು ಸಂಜೆಗೆ ಪುಡಿ ಮಾಡಿ ಸಮುದ್ರಕ್ಕೆ ಹಾಕ್ತೆ."

ನಾನು ಭೂಮಿಯ ಇತಿಹಾಸ, ಮನುಕುಲದ ಆಸ್ತಿ, ನಾಗರಿಕನ ಕರ್ತವ್ಯ ಎಂದು ಆರಂಭಿಸಿದೆ. ಹಮ್ಮಣ್ಣ ಮರ್ಯಾದಸ್ಥ, ನಾನು ಮುಗಿಸುವವರೆಗೂ ಕಾದ.

"ಸರ್, ಒಂದ್ಸಲ ದೇಶಕ್ಕೆ ಬೇಕು ಅಂದ್ರು, ಎದ್ದು ಬಂದ್ವಿ. ಅಪ್ಪ ನೆಟ್ಟ ಮಾವಿನಮರ ಅಲ್ಲೇ ಉಳೀತು. ಈಗ ಡೈನೋಸಾರಿಗೆ ಬೇಕು ಅಂದ್ರೆ ನಾವು ಎಲ್ಲಿಗೆ ಹೋಗುದು?"

ಡೈನೋಸಾರ್ ಎಂದು ಖಾತ್ರಿಯಾದರೆ ಸರಕಾರ ತಂತಿಬೇಲಿ ಹಾಕುತ್ತದೆ, ಮನೆ ಹೋದಂತೆಯೇ ಲೆಕ್ಕ ಎಂದು ವೆಂಕಟ್ರಮಣ ಅವನ ಕಿವಿಯಲ್ಲಿ ಊದಿದ್ದನಂತೆ. ಹಾಗೇನೂ ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಭರವಸೆ ಕೊಡಲು ನಾನು ಯಾರು? ಭರವಸೆಗಳನ್ನು ಕೇಳಿ ಅನುಭವವಿದ್ದವನು ಅವನು, ಕೊಟ್ಟು ಅಭ್ಯಾಸವಿಲ್ಲದವನು ನಾನು.

ಅಷ್ಟರಲ್ಲಿ ಮೇಡಂ ಹೊಂಡಕ್ಕೆ ಇಳಿದಾಗಿತ್ತು. ತಲೆಬುರುಡೆಯನ್ನು ಬಿಟ್ಟು ಹೊಂಡದ ಗೋಡೆಯನ್ನು ನೋಡುತ್ತ ಕುಳಿತರು.

"ತಲೆ ಬಿಟ್ಟು ಮಣ್ಣು ನೋಡ್ತಾರಲ್ರೀ!" ಬೇಲಿಯ ಮೇಲಿಂದ ವೆಂಕಟ್ರಮಣ.

ನಾನು ಮಾತ್ರ ತಲೆಯನ್ನೇ ನೋಡಿದೆ. ಮೂಗಿನ ತೂತು ನೆತ್ತಿಯ ಮೇಲಿತ್ತು. "ತಿಮಿಂಗಿಲ!" ಎಂದು ಘೋಷಿಸಿದೆ.

"ಕೆಲವು ಡೈನೋಸಾರ್‌ಗಳಿಗೂ ಮೂಗು ಮೇಲೆಯೇ ಇತ್ತು ಸರ್. ಮೂಗೊಂದನ್ನು ನೋಡಿ ತೀರ್ಪು ಕೊಡಬೇಡಿ."

ಅವರ ತರ್ಕ ಬೇರೆ ಕಡೆಯಿಂದ ಹೊರಟಿತ್ತು. ಎಲುಬು ಎಂಥದು ಎಂಬುದಕ್ಕಿಂತ ಮೊದಲು, ಅದು ಯಾವ ಪದರದಲ್ಲಿ ಮಲಗಿದೆ ಎಂದು ಕೇಳಬೇಕು. ಡೈನೋಸಾರ್‌ಗಳು ಅವುಗಳ ಕಾಲದಲ್ಲಿ ರೂಪುಗೊಂಡ ಶಿಲೆಯಲ್ಲಿ ಸಿಗುತ್ತವೆ; ಗುಜರಾತಿನಲ್ಲಿ, ನರ್ಮದೆಯ ದಡದಲ್ಲಿ ಸಿಕ್ಕಿವೆ. ನಮ್ಮ ಗುಡ್ಡಗಳ ಗಟ್ಟಿ ಬಂಡೆ ಡೈನೋಸಾರ್‌ಗಳಿಗಿಂತ ಎಷ್ಟೋ ಹಿರಿಯದು. ಈ ಮರಳಾದರೋ ಸಮುದ್ರ ನಿನ್ನೆ ಮೊನ್ನೆ ತಂದು ಹಾಕಿದ್ದು. ಅಜ್ಜನೂ ಇದ್ದಾನೆ, ಮೊಮ್ಮಗನೂ ಇದ್ದಾನೆ. ನಡುವಿನ ತಲೆಮಾರೇ ಇಲ್ಲ. ಸಾಲದ್ದಕ್ಕೆ ಎಲುಬು ಇನ್ನೂ ಎಲುಬಾಗಿಯೇ ಇದೆ, ಕಲ್ಲಾಗಿಲ್ಲ.

"ಡೈನೋಸಾರ್ ಅಲ್ಲ. ಅದನ್ನು ಗಟ್ಟಿಯಾಗಿ ಹೇಳ್ತೇನೆ. ತಿಮಿಂಗಿಲದ್ದೇ ಇರಬೇಕು. ಯಾವ ತಿಮಿಂಗಿಲ, ಎಷ್ಟು ಹಳೆಯದು ಅಂತ ಕೇಳಿದ್ರೆ, ಗೊತ್ತಿಲ್ಲ."

"ಕೇಳಿದ್ರಾ? ಅಕ್ಕೋರಿಗೇ ಗೊತ್ತಿಲ್ವಂತೆ! ಅಂದ್ಮೇಲೆ ರಾಕ್ಷಸನೇ!" ಎಂದ ವೆಂಕಟ್ರಮಣ ವಿಜಯೋತ್ಸಾಹದಿಂದ.

ನಗಬೇಡಿ. ನಾವೆಲ್ಲರೂ ವೆಂಕಟ್ರಮಣನ ಬಳಗವೇ. ದಾರಿ ಕೇಳಿದವರನ್ನು ತಪ್ಪು ಓಣಿಗಾದರೂ ಕಳಿಸುತ್ತೇವೆ, 'ಗೊತ್ತಿಲ್ಲ' ಎನ್ನುವುದಿಲ್ಲ. ಇನ್ನೊಬ್ಬರು ಪ್ರಾಮಾಣಿಕವಾಗಿ ಹಾಗೆಂದರೆ, ಆ ಖಾಲಿ ಜಾಗದಲ್ಲಿ ನಮ್ಮ ರಾಕ್ಷಸನನ್ನು ತಂದು ಕೂರಿಸುತ್ತೇವೆ. ವಿಜ್ಞಾನಿಗೂ ನಮಗೂ ವ್ಯತ್ಯಾಸವೆಂದರೆ, ಅವರು ಆ ಜಾಗವನ್ನು ಖಾಲಿಯಾಗಿಯೇ ಇಟ್ಟು ಕಾಯುತ್ತಾರೆ.

ಹಮ್ಮಣ್ಣನ ಕಿವಿಗೆ ಬಿದ್ದದ್ದು ಒಂದೇ ಮಾತು. "ಡೈನೋಸಾರ್ ಅಲ್ಲ, ಹೌದಲ್ಲ ಅಕ್ಕೋರೆ?" ಎಂದು ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳಿದ. ಆಮೇಲೆ ಹಾರೆಯನ್ನು ತೆಂಗಿನಮರಕ್ಕೆ ಒರಗಿಸಿಟ್ಟು, "ಹಾಂಗಾದ್ರೆ ನಿಧಾನಕ್ಕೆ ಎತ್ತುವ, ಮುರಿಯುದು ಬೇಡ" ಎಂದು ತಾನೇ ಹೊಂಡಕ್ಕೆ ಇಳಿದ. ಬೆಳಿಗ್ಗೆ ಎಮ್ಮೆಯಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಅವನ ಬಾಯಲ್ಲಿ "ನಮ್ಮ ತಿಮಿಂಗಿಲ" ಆಗಿತ್ತು.

"ಬಾವಿಯನ್ನು ಸ್ವಲ್ಪ ಆಚೆಗೆ ತೋಡಿಸಿ," ಎಂದರು ಮೇಡಂ.

"ಆಚೆಗೆ ತೋಡಿದ್ರೆ ಬಾಲ ಸಿಗ್ತದ್ಯೇನೋ!" ದೇವಮ್ಮ ಚಹಾದ ತಟ್ಟೆ ಹಿಡಿದು ನಕ್ಕಳು.

ಬುರುಡೆ ಈಗ ಕಾಲೇಜಿನಲ್ಲಿದೆ. ಬಾವಿಯಲ್ಲಿ ನೀರು ಬಂದಿದೆ. ಕೇಬಲ್ ಟಿವಿಯವರು 'ಡೈನೋಸಾರ್ ಅಲ್ಲ' ಎಂದು ಇನ್ನೂ ಪ್ರಸಾರ ಮಾಡಿಲ್ಲ (ಅಲ್ಲದ್ದನ್ನು ತೋರಿಸುವುದು ಹೇಗೆ ಎಂದು ಅವರ ಪ್ರಶ್ನೆ). ಎಲ್ಲವೂ ಸುಖಾಂತ್ಯವೇ.

ಆದರೆ ಅಂದು ಮರಳಿ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿದ್ದರಿಂದ ಯೋಚಿಸಲು ಅವಕಾಶವಾಯಿತು. ಆ ತಲೆಬುರುಡೆ ಉಳಿದದ್ದು ಅದು ಡೈನೋಸಾರ್ ಅಲ್ಲ ಎಂಬ ಕಾರಣಕ್ಕೆ. ನಿಜವಾಗಿ ಡೈನೋಸಾರ್ ಆಗಿದ್ದರೆ? ಮೇಡಂ ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದರು. ಸಂಜೆಗೆ ಅದು ಪುಡಿಯಾಗಿ ಸಮುದ್ರ ಸೇರುತ್ತಿತ್ತು. ಅದಕ್ಕೆ ಕಾರಣ ಹಮ್ಮಣ್ಣನ ಅಜ್ಞಾನ ಎಂದು ಯಾರಾದರೂ ವಾದಿಸಿದರೆ, ಆ ವೇದಿಕೆಯಲ್ಲಿ ನಾನು ಅವನ ಪರವಾಗಿ ನಿಲ್ಲುತ್ತೇನೆ. ಅವನಿಗಿದ್ದದ್ದು ಅಜ್ಞಾನವಲ್ಲ, ನೆನಪು. ಒಮ್ಮೆ ಮನೆ ಕಳೆದುಕೊಂಡವನಿಗೆ ಇತಿಹಾಸದ ಮಹತ್ವ ತಿಳಿಸುವ ಮೊದಲು, ಅವನ ಹೊಸ್ತಿಲು ಅವನಿಗೇ ಉಳಿಯುತ್ತದೆ ಎಂದು ಹೇಳಬಲ್ಲ ಅಧಿಕಾರಿಯೊಬ್ಬರು ಬೇಕು. ಅಂಥವರು ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ. ನನ್ನ ಭಾಷಣದ ಅರ್ಧ ಕೆಲಸ ಮುಗಿಯುತ್ತದೆ.

ಉಳಿದ ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ನೆಲ ಅಗೆಯುವಾಗ ಗುರುತು ಸಿಗದ ಎಲುಬು ಕಂಡರೆ ಕೀಳಬೇಡಿ, ತೊಳೆಯಬೇಡಿ. ಇದ್ದಲ್ಲೇ ಗೋಣಿಚೀಲ ಮುಚ್ಚಿ ಹತ್ತಿರದ ಕಾಲೇಜಿಗೆ ಹೇಳಿಕಳಿಸಿ. ಸಿಕ್ಕಿದ್ದು ಪಕ್ಕದ ಮನೆಯಲ್ಲಾದರೆ, ಆ ಮನೆಯವರನ್ನು ಹೆದರಿಸಬೇಡಿ.